ಒಬ್ಬ ಅಧ್ಯಾಪಕ, ಎರಡು ವಿಭಾಗ: ಶಾಸನಾಧ್ಯಯನದ ದೃಷ್ಟಿಯಿಂದ ಒಂದು ವಿಮರ್ಶೆ

ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕನನ್ನು ಏಕಕಾಲದಲ್ಲಿ ಎರಡು ವಿಭಾಗಗಳಿಗೆ ನೇಮಿಸಬಹುದೇ, ನೇಮಿಸಿದರೆ ವಿದ್ಯೆಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿಯೂ ಕೇಳಿಬರುತ್ತಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಹುಶಾಸ್ತ್ರೀಯ ಅಧ್ಯಯನವನ್ನು ಎತ್ತಿ ಹೇಳಿದುದು ಇದಕ್ಕೆ ಒಂದು ಕಾರಣ. ಆ ನೀತಿಯ ಪದವಿ ಪಠ್ಯಕ್ರಮವನ್ನು ಕರ್ನಾಟಕವು ೨೦೨೧-೨೨ರಲ್ಲಿ ಜಾರಿಗೆ ತಂದು ೨೦೨೪-೨೫ರಲ್ಲಿ ಕೈಬಿಟ್ಟಿತು. ಪ್ರಶ್ನೆ ಮಾತ್ರ ನೀತಿಯೊಡನೆ ಬಂದುದಲ್ಲವಾದುದರಿಂದ ನೀತಿಯೊಡನೆ ಹೋಗಲೂ ಇಲ್ಲ. ಅದು ನಮ್ಮ ನಾಡಿನಲ್ಲಿ ಒಂದು ಶತಮಾನಕ್ಕೂ ಹಳೆಯದು.

ಇಂಥ ನೇಮಕವನ್ನು ಬೆಂಬಲಿಸುವವರ ವಾದದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿರುವುದನ್ನು ಮೊದಲು ಗಮನಿಸಬೇಕು. ಒಂದು ವಿಷಯವು ಸ್ವಭಾವತಃ ಎರಡು ಶಾಸ್ತ್ರಗಳ ಗಡಿಯಲ್ಲಿ ನಿಂತಿರುವಾಗ ಆ ವಿಷಯಕ್ಕಾಗಿ ಎರಡು ವಿಭಾಗಗಳು ಕೂಡಿ ಒಬ್ಬ ವಿದ್ವಾಂಸನನ್ನು ಇಟ್ಟುಕೊಳ್ಳುವುದು ಒಂದು. ಎರಡು ಹುದ್ದೆಗಳಿಗೆ ವೇತನ ಕೊಡಲಾರದೆ ಒಬ್ಬನನ್ನೇ ಎರಡು ವೇಳಾಪಟ್ಟಿಗಳಿಗೆ ಸೀಳಿ ಹಾಕುವುದು ಇನ್ನೊಂದು. ಮೊದಲನೆಯದು ವಿದ್ಯೆಯ ವ್ಯವಸ್ಥೆ, ಎರಡನೆಯದು ಲೆಕ್ಕಪತ್ರದ ವ್ಯವಸ್ಥೆ. ಎರಡಕ್ಕೂ ಒಂದೇ ಹೆಸರಿಟ್ಟು ಮಾತನಾಡುವುದರಿಂದ ಪರವಾದಿಗಳೂ ಪ್ರತಿವಾದಿಗಳೂ ಒಬ್ಬರ ಮಾತನ್ನು ಒಬ್ಬರು ಕೇಳದಂತಾಗಿದೆ. ಪ್ರಕೃತ ಲೇಖನದಲ್ಲಿ ಶಾಸನಾಧ್ಯಯನವೆಂಬ ಒಂದೇ ಕ್ಷೇತ್ರವನ್ನು ಹಿಡಿದು, ಅದರಲ್ಲಿಯೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಿದೆ.

ಹಳೆಯ ಮೈಸೂರಿನಲ್ಲಿ ಶಾಸನಗಳ ಕೆಲಸವು ಆರಂಭದಿಂದಲೂ ಹಂಚಿಕೊಂಡ ಕೆಲಸವಾಗಿಯೇ ನಡೆಯಿತು. ಬಿ. ಎಲ್. ರೈಸ್ ಅವರು ಮೂಲತಃ ವಿದ್ಯಾ ಇಲಾಖೆಯ ಅಧಿಕಾರಿಗಳು. ಪುರಾತತ್ತ್ವದ ಹೊಣೆ ಮೊದಲು ಅವರಿಗೆ ಇತರ ಕೆಲಸದ ಜೊತೆಗೇ ಬಂದಿತು. ೧೯೦೬ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಕನ್ನಡ ವಿದ್ವಾಂಸರು. ಶಾಸನಗಳನ್ನು ಹುಡುಕುತ್ತ ಹಳ್ಳಿ ಹಳ್ಳಿ ತಿರುಗುತ್ತಿದ್ದ ವರ್ಷಗಳಲ್ಲಿಯೇ ಅವರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ೧೯೦೭ರಲ್ಲಿಯೂ ಎರಡನೆಯದು ೧೯೧೯ರಲ್ಲಿಯೂ ಹೊರಬಂದವು. ಕವಿಗಳ ಕಾಲನಿರ್ಣಯಕ್ಕೆ ಶಾಸನವೂ, ಶಾಸನದ ಪಾಠನಿರ್ಣಯಕ್ಕೆ ಕಾವ್ಯಪರಿಚಯವೂ ಅವರಲ್ಲಿ ಪರಸ್ಪರ ಒದಗಿದುವು. ಅವರ ಅನಂತರ ಬಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಬೆಳಕಿಗೆ ತಂದ ಸಂಸ್ಕೃತಜ್ಞರು.

ಆದರೆ ನಮ್ಮ ಪ್ರಶ್ನೆಗೆ ನೇರವಾದ ನಿದರ್ಶನ ಎಂ. ಎಚ್. ಕೃಷ್ಣ ಅವರದು. ಅವರು ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರೂ ಹೌದು, ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಹೌದು. ಆ ಕಾಲದ ಇಲಾಖೆಯ ವಾರ್ಷಿಕ ವರದಿಗಳನ್ನು ತೆಗೆದು ನೋಡಿದರೆ ಮುಖಪುಟದ ಮೇಲೆ ವಿಶ್ವವಿದ್ಯಾಲಯದ ಹೆಸರೇ ಕಾಣುತ್ತದೆ. ದಖ್ಖನಿನ ನಾಣ್ಯಗಳನ್ನು ಕುರಿತು ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಬಂದ ಈ ವಿದ್ವಾಂಸರು ತರಗತಿಯಲ್ಲಿ ಪಾಠ ಹೇಳಿದರು, ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು, ೧೯೩೬ರಲ್ಲಿ ಹಲ್ಮಿಡಿಯ ಶಾಸನವನ್ನು ಗುರುತಿಸಿದರು. ಈ ಕೊನೆಯ ಸಂಗತಿ ವಿಶೇಷವಾಗಿ ವಿಚಾರಾರ್ಹ. ಒಬ್ಬ ಇತಿಹಾಸ ಪ್ರಾಧ್ಯಾಪಕರು ಪುರಾತತ್ತ್ವ ಇಲಾಖೆಯ ಕೆಲಸದಲ್ಲಿ ಕಂಡುಹಿಡಿದ ಕಲ್ಲು ಇಂದು ಕನ್ನಡ ವಿಭಾಗದ ವಿದ್ಯಾರ್ಥಿಗೆ ಭಾಷಾಚರಿತ್ರೆಯ ಮೊದಲ ಪಾಠವಾಗಿದೆ. ಮೂರು ಶಾಸ್ತ್ರಗಳು ಆ ಒಂದು ಕಲ್ಲಿನ ಸುತ್ತ ಕೂಡಿದುವು. ಕೂಡಿದುದಕ್ಕೆ ಒಬ್ಬ ಮನುಷ್ಯನು ಎರಡು ಕುರ್ಚಿಗಳಲ್ಲಿ ಕುಳಿತಿದ್ದುದೂ ಒಂದು ಕಾರಣವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಈ ಪದ್ಧತಿ ಕೃಷ್ಣ ಅವರೊಡನೆ ಕೂಡಲೇ ನಿಂತುಹೋಗಲಿಲ್ಲ. ಕೆ. ಎ. ನೀಲಕಂಠಶಾಸ್ತ್ರಿಗಳು ೧೯೫೨ರಿಂದ ೧೯೫೫ರವರೆಗೆ ಮೈಸೂರಿನಲ್ಲಿ ಭಾರತಶಾಸ್ತ್ರದ ಪ್ರಾಧ್ಯಾಪಕರಾಗಿದ್ದಾಗ ೧೯೫೪ರಲ್ಲಿ ಪದನಿಮಿತ್ತವಾಗಿ ಪುರಾತತ್ತ್ವ ನಿರ್ದೇಶಕತ್ವವೂ ಅವರಿಗೆ ಬಂದಿತು. ಧಾರವಾಡದಲ್ಲಿ ಕೇಂದ್ರದ ಶಾಸನ ಇಲಾಖೆಯಿಂದ ಬಂದ ಪಿ. ಬಿ. ದೇಸಾಯಿ ಅವರು ಇತಿಹಾಸ ಪ್ರಾಧ್ಯಾಪಕರೂ ಕನ್ನಡ ಸಂಶೋಧನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ಹೊರನಾಡಿನ ಮಾತು ಬೇಕಾದರೆ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾದ ಭಾಷೆ ಮತ್ತು ನಾಗರಿಕತೆಗಳ ವಿಭಾಗಕ್ಕೂ ಭಾಷಾಶಾಸ್ತ್ರ ವಿಭಾಗಕ್ಕೂ ಸಾಮಾಜಿಕ ಚಿಂತನೆಯ ಸಮಿತಿಗೂ ಏಕಕಾಲದಲ್ಲಿ ಸೇರಿದವರಾಗಿದ್ದರು. ಅಲ್ಲಿ ಅದು ಯಾರ ಹುಬ್ಬನ್ನೂ ಏರಿಸಲಿಲ್ಲ.

ಹೀಗೆಂದ ಮಾತ್ರಕ್ಕೆ ಮೈಸೂರಿನ ವ್ಯವಸ್ಥೆ ನಿರ್ದುಷ್ಟವಾಗಿತ್ತೆಂದು ಹೊಗಳುವುದು ವಿಮರ್ಶೆಯಾಗದು. ಅದು ನಿಂತಿದ್ದುದು ವ್ಯಕ್ತಿಗಳ ಮೇಲೆ. ಇಂಥ ವಿಷಯಕ್ಕೆ ಇಂಥ ಎರಡು ವಿಭಾಗಗಳು ಎಂದೆಂದಿಗೂ ಜವಾಬ್ದಾರಿ ಎಂಬ ಸ್ಥಿರವಾದ ಏರ್ಪಾಡಾಗಿ ಅದು ಬೇರೂರಲಿಲ್ಲ. ಕೃಷ್ಣ ಅವರು ೧೯೪೭ರಲ್ಲಿ ತೀರಿಕೊಂಡರು. ಮುಂದಿನ ದಶಕಗಳಲ್ಲಿ ಪುರಾತತ್ತ್ವ ಇಲಾಖೆಯು ಸರ್ಕಾರದ ಪ್ರತ್ಯೇಕ ಇಲಾಖೆಯಾಗಿ ನೆಲೆಗೊಂಡಿತು. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ವಿಭಾಗ ಬೇರೆಯಾಗಿ ಬೆಳೆಯಿತು. ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳ ಕೆಲಸವನ್ನು ಕನ್ನಡ ಅಧ್ಯಯನ ಸಂಸ್ಥೆ ಕೈಗೆತ್ತಿಕೊಂಡು ೧೯೭೨ರಿಂದ ಪ್ರಕಟಿಸತೊಡಗಿತು. ಹೀಗೆ ಒಂದು ಮನೆಯ ಆಸ್ತಿ ಮೂರು ಪಾಲಾಯಿತು. ಕಲ್ಲು ಒಬ್ಬರಿಗೆ, ಅಗೆತ ಒಬ್ಬರಿಗೆ, ಅಕ್ಷರ ಒಬ್ಬರಿಗೆ. ಮೂವರೂ ತಮ್ಮ ತಮ್ಮ ಪಾಲಿನಲ್ಲಿ ಶ್ಲಾಘ್ಯವಾದ ಕೆಲಸ ಮಾಡಿದ್ದಾರೆ. ಆದರೆ ಪಾಲಾದ ಮೇಲೆ ನಡುವಣ ಹಿತ್ತಿಲು ಯಾರದೆಂಬುದು ಇತ್ಯರ್ಥವಾಗದೆ ಉಳಿಯಿತು. ನಮ್ಮ ಜಿಲ್ಲೆಯಂಥ ಪ್ರದೇಶಗಳು ಆ ಹಿತ್ತಿಲಿನಲ್ಲಿವೆ.

ಈ ಮಾತನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಅವರು ಒಂಬತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದರು. ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದರೆ ಗಂಗರ ಮಾನ್ಯಪುರದ ತಾಮ್ರಪಟಗಳು ಆ ಸಂಪುಟದಲ್ಲಿವೆ. ಅವುಗಳ ಕಾಲ ಕ್ರಿ.ಶ. ೭೯೭ ಮತ್ತು ೮೦೨. ಗಂಗರು ರಾಷ್ಟ್ರಕೂಟರ ಕೈಕೆಳಗಾದ ಕಾಲದ ರಾಜಕೀಯಕ್ಕೆ ಇವು ಮುಖ್ಯವಾದ ಆಧಾರಗಳು. ಇವುಗಳ ಭಾಷೆ ಸಂಸ್ಕೃತ, ಇವು ಹೇಳುವುದು ಒಂದು ಬಸದಿಯ ವಿಷಯ, ದಾನದ ನೆಲ ಇರುವುದು ಕನ್ನಡ ನಾಡಿನಲ್ಲಿ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿ ಇವುಗಳ ಆಂಗ್ಲ ಸಾರಾಂಶವನ್ನು ಓದಿ ರಾಜರ ಹೆಸರುಗಳನ್ನು ಆರಿಸಿಕೊಳ್ಳುತ್ತಾನೆ, ಮೂಲವನ್ನು ಮುಟ್ಟುವುದಿಲ್ಲ. ಅವನನ್ನು ದೂರಿ ಪ್ರಯೋಜನವಿಲ್ಲ, ಅವನಿಗೆ ಮೂಲವನ್ನು ಓದಿಸುವವರು ಅವನ ವಿಭಾಗದಲ್ಲಿಲ್ಲ.

ಇದಕ್ಕಿಂತ ತೊಡಕಿನ ಉದಾಹರಣೆ ಕುಂದಾಣದ್ದು. ಹೊಯ್ಸಳ ಸೋಮೇಶ್ವರನ ಅನಂತರ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಗಿ, ದೋರಸಮುದ್ರವು ಮೂರನೆಯ ನರಸಿಂಹನಿಗೂ ತಮಿಳು ಸೀಮೆಯು ಕೋಲಾರದ ಕಡೆಯ ಭಾಗಗಳೊಡನೆ ರಾಮನಾಥನಿಗೂ ಸಂದುವು. ರಾಮನಾಥನು ದಕ್ಷಿಣದ ನೆಲೆಯನ್ನು ಕಳೆದುಕೊಂಡು ಬಂದು ನಿಂತ ಕುಂದಾಣಿ ಯಾವುದು? ದೇವನಹಳ್ಳಿ ತಾಲ್ಲೂಕಿನ ಕುಂದಾಣವೆಂದು ಒಂದು ಪಕ್ಷ, ಇಂದಿನ ತಮಿಳುನಾಡಿನಲ್ಲಿರುವ ಹೊಸೂರು–ಕೃಷ್ಣಗಿರಿ ಕಡೆಯ ಕುಂದಾಣಿಯೆಂದು ಇನ್ನೊಂದು ಪಕ್ಷ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇದು ಮನೆಯ ಬಾಗಿಲಿನ ಪ್ರಶ್ನೆ. ಆದರೆ ರಾಮನಾಥನ ಶಾಸನಗಳಲ್ಲಿ ಬಹುಭಾಗ ತಮಿಳಿನಲ್ಲಿವೆ. ಚೋಳರ ಕಾಲದಿಂದ ಮೊದಲ್ಗೊಂಡು ದೇವನಹಳ್ಳಿ, ಹೊಸಕೋಟೆ ಕಡೆಗಳಲ್ಲಿ ತಮಿಳು ಶಾಸನಗಳು ಹೇರಳವಾಗಿವೆ ಎಂಬುದು ಒಂಬತ್ತನೆಯ ಸಂಪುಟವನ್ನು ಮಗುಚಿದವರಿಗೆಲ್ಲ ಗೊತ್ತು. ನಮ್ಮ ಕಾಲೇಜುಗಳಲ್ಲಿ ಇತಿಹಾಸ ಬೋಧಿಸುವ ನಮಗೆ ತಮಿಳು ಲಿಪಿ ಬಾರದು. ಗ್ರಂಥಲಿಪಿಯ ಮಾತಂತೂ ದೂರ. ಕನ್ನಡ ವಿಭಾಗಕ್ಕೆ ಆ ಶಾಸನಗಳು ಕನ್ನಡವಲ್ಲವಾದುದರಿಂದ ಬೇಡ. ತಮಿಳುನಾಡಿನ ವಿದ್ವಾಂಸರಿಗೆ ಅವು ಗಡಿಯಾಚೆಯವು. ಹೀಗಾಗಿ ಅಚ್ಚಾಗಿ ನೂರಿಪ್ಪತ್ತು ವರ್ಷವಾದ ಸಾಮಗ್ರಿಯನ್ನು ಅದೇ ಊರಿನ ಕಾಲೇಜು ಓದಲಾರದ ಸ್ಥಿತಿ ಒದಗಿದೆ. ಎರಡು ವಿಭಾಗಗಳ ನಡುವೆ ಒಬ್ಬ ಅಧ್ಯಾಪಕ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವನ್ನು ಈ ಲೇಖಕನು ಕಾಣನು.

ಕೆರೆಗಳ ಶಾಸನಗಳನ್ನು ತೆಗೆದುಕೊಳ್ಳೋಣ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಒಂದು ದೊಡ್ಡಬಳ್ಳಾಪುರದ ಕಡೆಗೂ ಇನ್ನೊಂದು ದೇವನಹಳ್ಳಿ ಹೊಸಕೋಟೆಗಳ ಕಡೆಗೂ ಹರಿಯುತ್ತವೆ. ವರ್ಷವೆಲ್ಲ ತುಂಬಿ ಹರಿಯುವ ಹೊಳೆಯಿಲ್ಲದ ಈ ನಾಡು ಬದುಕಿದುದು ಕೆರೆಯಿಂದ. ಬಿತ್ತುವಟ್ಟ, ಕಟ್ಟುಗೊಡಗೆ, ದಶಬಂಧ ಮೊದಲಾದ ಮಾತುಗಳು ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿಸಿದವನಿಗೆ, ಕಾಪಾಡಿದವನಿಗೆ ಸಂದ ಭೂಮಿ ಮತ್ತು ಫಲವನ್ನು ಸೂಚಿಸುತ್ತವೆ. ಇಂಥ ಒಂದು ಮಾತಿನ ಅರ್ಥ ಸ್ಥಳದಿಂದ ಸ್ಥಳಕ್ಕೆ, ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂದು ಹೇಳಬೇಕಾದರೆ ಹಳಗನ್ನಡದ ಜ್ಞಾನ ಸಾಲದು, ರಾಜವಂಶಾವಳಿಯ ಜ್ಞಾನವೂ ಸಾಲದು. ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆ ಬೀಳುತ್ತದೆ, ಅಚ್ಚುಕಟ್ಟಿನ ಗದ್ದೆ ಎಲ್ಲಿ ಮುಗಿದು ಬೆದ್ದಲು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಏರಿಯ ಮೇಲೆ ನಡೆದು ನೋಡಬೇಕು. ನೀರುಗಂಟಿಯ ಮನೆತನದವರು ಉಳಿದಿದ್ದರೆ ಅವರನ್ನು ಕೇಳಬೇಕು. ಜಿ. ಎಸ್. ದೀಕ್ಷಿತ್ ಅವರು ಸಹಲೇಖಕರೊಡನೆ ಕರ್ನಾಟಕದ ಕೆರೆ ನೀರಾವರಿಯ ಚಾರಿತ್ರಿಕ ಸಮೀಕ್ಷೆಯೊಂದನ್ನು ಬರೆದು ದಾರಿ ತೋರಿಸಿದ್ದಾರೆ. ಆ ದಾರಿಯಲ್ಲಿ ಒಂದು ಹೋಬಳಿಯನ್ನಾದರೂ ಪೂರ್ತಿಯಾಗಿ ನಡೆದು ನೋಡುವ ಕೆಲಸಕ್ಕೆ ಇತಿಹಾಸ ವಿಭಾಗದ ವೇಳಾಪಟ್ಟಿಯಲ್ಲಿ ಸ್ಥಳವಿಲ್ಲ, ಭೂಗೋಳ ವಿಭಾಗದ ವೇಳಾಪಟ್ಟಿಯಲ್ಲಿ ಶಾಸನವಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಈ ಕಡೆಯ ಹಲವು ಕೆರೆಗಳಿಗೆ ಬರತೊಡಗಿರುವ ಈ ದಿನಗಳಲ್ಲಿ ಹಳೆಯ ತೂಬು, ಕೋಡಿಗಳ ಚರಿತ್ರೆ ಬರಿಯ ವಿದ್ವತ್ಕುತೂಹಲವಾಗಿ ಉಳಿದಿಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ಸಂಗತಿ ಇದಕ್ಕೆ ಆಶಾದಾಯಕವಾದ ಪ್ರತಿರೂಪ. ಈ ಶತಮಾನದ ಆರಂಭದ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದ ಎಂ. ಎಸ್. ಕೃಷ್ಣಮೂರ್ತಿ ಅವರು ಅಲ್ಲಿ ಉತ್ಖನನ ನಡೆಸಿ ಬೌದ್ಧ ಚೈತ್ಯ ಮತ್ತು ವಿಹಾರಗಳ ಅವಶೇಷಗಳನ್ನೂ, ಬೌದ್ಧಧರ್ಮದ ಸೂತ್ರವಾಕ್ಯವಿರುವ ಮುದ್ರೆಗಳನ್ನು ಒಳಗಿರಿಸಿದ ಮಣ್ಣಿನ ಹರಕೆಯ ಸ್ತೂಪಗಳನ್ನೂ ಹೊರತೆಗೆದರು. ಬೆಂಗಳೂರಿನ ಸುತ್ತಣ ನೆಲದಲ್ಲಿ ಬೌದ್ಧಧರ್ಮದ ನೆಲೆ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡುದು ಇಲ್ಲಿಯೇ. ಅಗೆಯುವ ಕೈ ಮತ್ತು ಓದುವ ಕಣ್ಣು ಒಂದೇ ವಿಭಾಗದಲ್ಲಿದ್ದುದರಿಂದ ಇದು ಸಾಧ್ಯವಾಯಿತು. ಆದರೆ ಆ ವಿಭಾಗವಿರುವುದು ಮೈಸೂರಿನಲ್ಲಿ; ರಾಜಘಟ್ಟವಿರುವುದು ದೊಡ್ಡಬಳ್ಳಾಪುರದ ಕಾಲೇಜುಗಳ ಮಗ್ಗುಲಲ್ಲಿ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪು ೨೦೦೭ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮರಗಳ ವಯಸ್ಸನ್ನು ಸಸ್ಯಶಾಸ್ತ್ರಜ್ಞರು ಕೇಳುತ್ತಾರೆ, ತೋಪಿನೊಳಗಿನ ಪಾಳುಗುಡಿಯ ವಯಸ್ಸನ್ನು ನಾವು ಕೇಳುತ್ತೇವೆ. ಎರಡನ್ನೂ ಒಟ್ಟಿಗೆ ಕೇಳುವ ಹುದ್ದೆ ಇಲ್ಲ.

ಈಗ ಪ್ರತಿಪಕ್ಷದ ಆಕ್ಷೇಪಗಳಿಗೆ ಬರೋಣ. ಒಂದು ಆಕ್ಷೇಪ ಗಂಭೀರವಾದುದು: ವಿದ್ವತ್ತಿಗೆ ಗಡಿಯಿಲ್ಲವಾದ ಮೇಲೆ ನೇಮಕದಲ್ಲಿ ಗಡಿ ದಾಟುವ ಅಗತ್ಯವೇನು? ಎಂ. ಚಿದಾನಂದಮೂರ್ತಿ ಅವರು ಕನ್ನಡ ವಿಭಾಗದಲ್ಲಿಯೇ ಇದ್ದು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ರಚಿಸಿದರು, ೧೯೬೬ರಲ್ಲಿ ಪ್ರಕಟವಾದ ಆ ಗ್ರಂಥ ಇತಿಹಾಸಕಾರರಿಗೂ ಆಕರವಾಗಿದೆ. ಅದಕ್ಕೆ ಎರಡು ವಿಭಾಗಗಳ ನೇಮಕ ಬೇಕಾಗಲಿಲ್ಲ. ಈ ಮಾತು ನಿಜ, ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಗ್ರಂಥ ರಚನೆ ಬೇರೆ, ಬೋಧನೆಯ ಪರಂಪರೆ ಬೇರೆ. ಗ್ರಂಥವನ್ನು ಒಬ್ಬ ಅಸಾಧಾರಣ ವಿದ್ವಾಂಸನು ಯಾವ ವಿಭಾಗದಲ್ಲಿ ಕುಳಿತಾದರೂ ಬರೆಯಬಲ್ಲನು. ಲಿಪಿಯನ್ನು ಓದಿಸುವುದು, ಅಚ್ಚೊತ್ತುವುದನ್ನು ಕಲಿಸುವುದು, ಪಾಠಭೇದವನ್ನು ಚರ್ಚಿಸುವುದು ವರ್ಷ ವರ್ಷವೂ ಸಾಧಾರಣ ಅಧ್ಯಾಪಕರು ಸಾಧಾರಣ ವಿದ್ಯಾರ್ಥಿಗಳಿಗೆ ಮಾಡಬೇಕಾದ ಕೆಲಸ. ಅಸಾಧಾರಣರನ್ನು ಮುಂದಿಟ್ಟು ವ್ಯವಸ್ಥೆಯೇ ಬೇಡವೆನ್ನುವುದು ನಮ್ಮಂಥ ಸಾಧಾರಣರಿಗೆ ಅನ್ಯಾಯ.

ಎರಡನೆಯ ಆಕ್ಷೇಪ ವ್ಯಾವಹಾರಿಕವಾದುದು: ಇಬ್ಬರ ಮನೆಯ ಆಳು ಉಪವಾಸ ಸಾಯುತ್ತಾನೆ. ಎರಡು ವಿಭಾಗಗಳಿಗೆ ಸೇರಿದವನು ಎರಡರ ಸಭೆಗಳಿಗೂ ಹೋಗಬೇಕು, ಎರಡರ ಉತ್ತರಪತ್ರಿಕೆಗಳನ್ನೂ ತಿದ್ದಬೇಕು. ಬಡ್ತಿಯ ಕಾಲ ಬಂದಾಗ ಮಾತ್ರ ಇವನು ನಮ್ಮವನಲ್ಲವೆಂದು ಎರಡೂ ಕಡೆಯವರು ಹೇಳುತ್ತಾರೆ. ಅರ್ಹತಾ ಪರೀಕ್ಷೆಯಲ್ಲಿಯೂ ಇತಿಹಾಸ ಒಂದು ಪತ್ರಿಕೆ, ಪುರಾತತ್ತ್ವ ಒಂದು, ಕನ್ನಡ ಒಂದು. ೨೦೧೮ರ ಯು.ಜಿ.ಸಿ. ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕನ ಅರ್ಹತೆಯನ್ನು ಹೇಳುವಾಗ ಸಂಬಂಧಿತ ವಿಷಯದ ಜೊತೆಗೆ ಪೂರಕ ವಿಷಯವನ್ನೂ ಹೆಸರಿಸುತ್ತದೆ. ಆದರೆ ಪೂರಕವೆಂಬ ಮಾತಿನ ಅರ್ಥವನ್ನು ವಿಸ್ತರಿಸುವ ಧೈರ್ಯ ಆಯ್ಕೆಯ ಮೇಜಿನ ಮುಂದೆ ಕಾಣುವುದು ಅಪರೂಪ.

ಈ ಆಕ್ಷೇಪ ಎಷ್ಟು ಸತ್ಯವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಂಚಿಕೆ ನಮ್ಮಲ್ಲಿ ಹೆಸರಿಲ್ಲದೆ ಆಗಲೇ ನಡೆದಿದೆ. ಈ ಲೇಖಕನು ಬಲ್ಲ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರಿಗೆ ವಾರಕ್ಕೆ ಹದಿನಾರು ಗಂಟೆಗಳ ಕಾರ್ಯಭಾರ ತುಂಬಲಿಲ್ಲವೆಂದು ಭಾರತದ ಸಂವಿಧಾನದ ಪತ್ರಿಕೆಯನ್ನೂ ಪ್ರವಾಸೋದ್ಯಮದ ಪತ್ರಿಕೆಯನ್ನೂ ಅವರಿಗೆ ಒಪ್ಪಿಸಲಾಯಿತು; ಅದೂ ಸಾಲದೆ ವಾರದಲ್ಲಿ ಮೂರು ದಿನ ಬೇರೊಂದು ತಾಲ್ಲೂಕಿನ ಕಾಲೇಜಿಗೆ ನಿಯೋಜಿಸಲಾಯಿತು. ಅವರ ದಿನದ ಎರಡು ಗಂಟೆಗಳು ಬಸ್ಸಿನಲ್ಲಿ ಕಳೆಯುತ್ತವೆ. ಆ ದಾರಿಯಲ್ಲಿ ಎರಡು ವೀರಗಲ್ಲುಗಳಿವೆ. ಇಳಿದು ನೋಡಲು ಅವರಿಗೆ ಪುರಸತ್ತಿಲ್ಲ. ಇದನ್ನು ಬಹುಶಾಸ್ತ್ರೀಯ ಅಧ್ಯಾಪನವೆಂದು ಕರೆಯುವವರಿದ್ದರೆ ಅವರು ಕೃಷ್ಣ ಅವರ ವಾರ್ಷಿಕ ವರದಿಯ ಒಂದು ಸಂಪುಟವನ್ನು ಓದುವುದು ಒಳ್ಳೆಯದು.

ಕೃಷ್ಣ ಅವರ ಎರಡು ಹುದ್ದೆಗಳಿಗೂ ಈ ಉಪನ್ಯಾಸಕರ ಎರಡು ವೇಳಾಪಟ್ಟಿಗಳಿಗೂ ಇರುವ ಅಂತರ ಇಷ್ಟೆ: ಅಲ್ಲಿ ಎರಡನ್ನೂ ಕೂಡಿಸುವ ಒಂದು ವಿಷಯವಿತ್ತು, ಇಲ್ಲಿ ಇಲ್ಲ. ಆದುದರಿಂದ ಇಂಥ ನೇಮಕದ ಆಜ್ಞೆಯಲ್ಲಿ ಮೊದಲು ಬರೆಯಬೇಕಾದುದು ವಿಷಯದ ಹೆಸರು. ವಿಭಾಗಗಳ ಹೆಸರು ಅನಂತರ. ‘ಇತಿಹಾಸ ಮತ್ತು ಕನ್ನಡ’ ಎಂದು ಬರೆದರೆ ಎರಡು ವಿಭಾಗಗಳೂ ಅವನನ್ನು ಎಳೆದಾಡುತ್ತವೆ. ‘ಶಾಸನಶಾಸ್ತ್ರ’ ಎಂದು ಬರೆದರೆ ಏನನ್ನು ಕೇಳಬಹುದೆಂಬುದು ಎರಡಕ್ಕೂ ತಿಳಿಯುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆ ಒಂದು ವಿಭಾಗವೇ ಇದೆ. ಪ್ರತಿಯೊಂದು ವಿಶ್ವವಿದ್ಯಾಲಯವೂ ಅಷ್ಟನ್ನು ಮಾಡಲಾರದು, ಮಾಡಬೇಕಾಗಿಯೂ ಇಲ್ಲ; ಆದರೆ ವಿಭಾಗವಿಲ್ಲದ ಕಡೆ ಹುದ್ದೆಯಾದರೂ ಇರಬಹುದಲ್ಲವೇ? ಅಂಥ ಹುದ್ದೆಯಲ್ಲಿರುವವನ ಬಡ್ತಿ, ಮೌಲ್ಯಮಾಪನ, ರಜೆಗಳಿಗೆ ಒಂದೇ ವಿಭಾಗ ಹೊಣೆಯಾಗಿರಬೇಕು. ಇನ್ನೊಂದು ವಿಭಾಗಕ್ಕೆ ಪಾಠ ಕೇಳುವ ಹಕ್ಕಿರಲಿ, ತೀರ್ಪು ಹೇಳುವ ಹಕ್ಕು ಬೇಡ. ಎರಡೂ ಕಡೆಯ ಗಂಟೆಗಳು ಕೂಡಿ ಹದಿನಾರನ್ನು ಮೀರಕೂಡದು. ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳ್ಳಿಗೆ ಹೋಗಿ ಕಲ್ಲಿನ ಮುಂದೆ ಕಳೆದ ದಿನವನ್ನು ತರಗತಿಯ ದಿನವೆಂದೇ ಎಣಿಸಬೇಕು. ಈ ಕೊನೆಯ ಮಾತಿಗೆ ಒಪ್ಪಿಗೆ ದೊರೆಯುವುದು ಕಷ್ಟವೆಂದು ಬಲ್ಲೆ. ಆದರೆ ಇದಿಲ್ಲದೆ ಉಳಿದವು ವ್ಯರ್ಥ.

ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ೨೦೦೮ರಲ್ಲಿ ಆರಂಭವಾದಂದಿನಿಂದ ಸುತ್ತಣ ಹೊಲಗಳು ನಿವೇಶನಗಳಾಗುತ್ತಿರುವ ವೇಗವನ್ನು ಕಣ್ಣಾರೆ ಕಾಣುತ್ತಿದ್ದೇವೆ. ಹೊಲದ ಬದುವಿನ ಕಲ್ಲಿಗೆ ಒಕ್ಕಲು ಇದ್ದಷ್ಟು ದಿನ ಅರಿಸಿನ ಕುಂಕುಮವಾದರೂ ಇತ್ತು. ಬದುವೇ ಹೋದ ಮೇಲೆ ಕಲ್ಲನ್ನು ಕೇಳುವವರಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಈ ಪ್ರದೇಶದ ಶಾಸನಗಳನ್ನು ಹುಡುಕಿ ಗಣಕಯಂತ್ರದಲ್ಲಿ ಮೂರು ಆಯಾಮಗಳ ಪ್ರತಿಗಳಾಗಿ ಉಳಿಸುವ ಕೆಲಸ ನಡೆಸಿದೆ. ತಂತ್ರಜ್ಞಾನ ಬಲ್ಲವರೂ ಶಾಸನ ಬಲ್ಲವರೂ ಅಲ್ಲಿ ಒಂದೇ ಕಲ್ಲಿನ ಮುಂದೆ ಕುಳಿತಿದ್ದಾರೆ. ವಿಶ್ವವಿದ್ಯಾಲಯಗಳು ಮಾಡಬಹುದಾಗಿದ್ದ ಕೂಟ ಅವುಗಳ ಹೊರಗೆ ನಡೆದಿದೆಯೆಂಬುದನ್ನು ನಾವು ಸ್ವಲ್ಪ ಸಂಕೋಚದಿಂದಲೇ ಗಮನಿಸಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳದಿರಲಾಗದು. ೨೦೨೨ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಒಬ್ಬ ಸಂಶೋಧನ ವಿದ್ಯಾರ್ಥಿಗೆ ಬೇರೆ ವಿಭಾಗದ, ಬೇರೆ ಸಂಸ್ಥೆಯ ಸಹಮಾರ್ಗದರ್ಶಕರು ಇರಬಹುದು. ಅಂದರೆ ವಿದ್ಯಾರ್ಥಿಯು ಎರಡು ವಿಭಾಗಗಳಿಗೆ ಸೇರಿದರೆ ಬಾಧಕವಿಲ್ಲ. ಕುಂದಾಣದ ಶಾಸನಗಳನ್ನು ಕುರಿತು ಕೆಲಸ ಮಾಡಬೇಕೆಂಬ ದೇವನಹಳ್ಳಿಯ ಹುಡುಗನೊಬ್ಬ ನಾಳೆ ಬಂದರೆ, ಇತಿಹಾಸದಲ್ಲಿ ಒಬ್ಬರು ಮಾರ್ಗದರ್ಶಕರನ್ನೂ ತಮಿಳು ಬಲ್ಲ ಒಬ್ಬರು ಸಹಮಾರ್ಗದರ್ಶಕರನ್ನೂ ಕಾಗದದ ಮೇಲೆ ಅವನಿಗೆ ಕೊಡಬಹುದು. ಅವನು ತನ್ನ ಪ್ರಬಂಧವನ್ನು ಮುಗಿಸಿ, ಎರಡು ಲಿಪಿಗಳನ್ನೂ ಕಲಿತು, ಉದ್ಯೋಗಕ್ಕಾಗಿ ಅರ್ಜಿ ಹಾಕುವ ದಿನ ಯಾವ ವಿಭಾಗದ ಹೆಸರನ್ನು ಬರೆಯಬೇಕೆಂದು ನಮ್ಮನ್ನೇ ಬಂದು ಕೇಳುತ್ತಾನೆ.